ಕಲಾವತಿಯವರ ಕಂಪ್ಲೇಂಟು

೧೨ ಆಗಸ್ಟ್ ೨೦೦೩, ಮಂಗಳವಾರ

ಕಲಾವತಿಯವರ ಕಂಪ್ಲೇಂಟು ಕೊನೆಗೂ ಮುಟ್ಟಿತು. ಚೆನ್ನೈನ ನುಂಗಂಬಾಕ್ಕಂನಲ್ಲಿರುವ ಅವರ ವಿಮಾ ಕಚೇರಿಯಲ್ಲಿ ಸಾಫ್ಟ್‌ವೇರ್ ಆಗಾಗ ನಿಂತುಬಿಡುತ್ತಿತ್ತು. ಇವರದೇ ಕೈ ನಿಧಾನ ಎಂದುಕೊಂಡು ಮ್ಯಾನೇಜರು ನೌಕರಿ ಖಾಯಂ ಮಾಡದೆ ತಡೆದಿದ್ದರು. ಮುಂಬೈಯ ಹೆಲ್ಪ್‌ಡೆಸ್ಕಿಗೆ ಇಂಗ್ಲಿಷಿನಲ್ಲಿ ಹೇಳಲು ಕಲಿಯಬೇಕೆಂದೇ ನನ್ನ ಸಂಜೆ ತರಗತಿಗೆ ಸೇರಿದ್ದು.

ನಿನ್ನೆ ನಾನೇ ಹೆಲ್ಪ್‌ಡೆಸ್ಕಿನವನಾಗಿ ಕೂತೆ. ಮೊದಲು ನನ್ನ ಕ್ಷೇಮ ಕೇಳಿದರು, ಆಮೇಲೆ ಆಫೀಸಿನ ಸಮಾಚಾರ, ಕೊನೆಗೆ ಸಣ್ಣ ದನಿಯಲ್ಲಿ ತೊಂದರೆ. “ಅರ್ಜೆಂಟಿಲ್ಲ ಸಾರ್, ನಿಧಾನವಾಗಿ ನೋಡಿ” ಎಂದು ಮುಗಿಸಿದರು.

“ಅರ್ಜೆಂಟಿಲ್ವೇನಮ್ಮ?”

“ಇದೆ ಸಾರ್. ಆದ್ರೆ ಪಾವಂ, ಪಾಪ ಅವ್ರಿಗೆ ಎಷ್ಟು ಜನ ಫೋನ್ ಮಾಡ್ತಾರೋ!”

ಕತೆಯನ್ನು ಬುಡದಿಂದ ಹೇಳಬೇಕೆಂದು ಅಜ್ಜಿಯಿಂದ ಕಲಿತವನು ನಾನು. ಅಂಥವನೇ, “ತುದಿಯಿಂದ ಶುರುಮಾಡಿ, ಏನು ನಿಂತಿದೆ ಅಂತ ಮೊದಲು ಹೇಳಿ” ಎಂದೆ.

ಇಂದು ಹಾಗೇ ಹೇಳಿದರಂತೆ. ಮಧ್ಯಾಹ್ನದೊಳಗೆ ಸರಿಹೋಯಿತಂತೆ. ತಿಂಗಳಿಂದ ಇವರ ಫೋನು ಕೇಳುತ್ತಿದ್ದ ಹೆಲ್ಪ್‌ಡೆಸ್ಕಿನ ಅದೇ ಮನುಷ್ಯ, “ಇಷ್ಟು ದಿನ ಯಾಕೆ ಮೇಡಂ ಹೇಳಲಿಲ್ಲ?” ಎಂದನಂತೆ.

“ನೀವೇನಂದ್ರಿ?”

“ಸಾರಿ ಸಾರ್ ಅಂದೆ.”

ತರಗತಿಯೆಲ್ಲ ನಕ್ಕಿತು, ನಾನೂ ನಕ್ಕೆ. ‘ಕೆಟ್ಟಿದ್ದು ಸಾಫ್ಟ್‌ವೇರ್, ನನ್ನ ಕೈಯಲ್ಲ’ ಎಂದು ಮ್ಯಾನೇಜರಿಗೆ ಹೇಳಿದಿರಾ ಎಂದು ಕೇಳಿದೆ. ಇನ್ನೂ ಇಲ್ಲವಂತೆ. ಮ್ಯಾನೇಜರು ತಮಿಳರು, ಇವರು ಇಲ್ಲೇ ಹುಟ್ಟಿ ಬೆಳೆದವರು. ಆ ಮಾತಿಗೆ ಇಂಗ್ಲಿಷೇ ಬೇಕಿಲ್ಲ. ಅದನ್ನು ನಾನು ಹೇಗೆ ಕಲಿಸಲಿ?