ಒರೆಸಿದರೂ ಹೋಗದ ಚುಕ್ಕೆ

ಮನೆಯಿಂದ,
ಮಂಗಳವಾರ ಮಧ್ಯಾಹ್ನ

ಪ್ರೀತಿಯ ಅಣ್ಣಾ,

ಹೇಗಿದ್ದೀಯಾ? ಡೇರೆಯಲ್ಲಿ ಮಲಗಿ ಬೆನ್ನು ಹಿಡಿದುಕೊಂಡಿದೆ ಎಂದಿದ್ದೆ, ಈಗ ಪರವಾಗಿಲ್ಲವಾ? ಫೋನು ಸಿಗದ ಗುಡ್ಡದ ಮೇಲೆ ಸರ್ವೆಗೆ ಕೂತವನಿಗೆ ಇಂಥ ಸುದ್ದಿಯನ್ನು ಕಾಗದದಲ್ಲೇ ಹೇಳಬೇಕಾಗಿದೆ. ಅತ್ತಿಗೆ ಬರೆಯಲು ಕೂತರೆ ಪೆನ್ನು ಮುಂದಕ್ಕೆ ಹೋಗುತ್ತಿಲ್ಲ, ಅದಕ್ಕೆ ನಾನು ಬರೆಯುತ್ತಿದ್ದೇನೆ. ನಿಂತಿದ್ದರೆ ಕೂತುಕೊಂಡು ಓದು.

ಡೇರೆಯಲ್ಲಿ ತೂಗುಹಾಕಲು ನಿನ್ನ ಪುಟ್ಟಿಯ ದೊಡ್ಡ ಫೋಟೊ ಬೇಕು ಎಂದಿದ್ದೆಯಲ್ಲ. ಅಪ್ಪ ತಮ್ಮ ರೀಲಿನ ಕ್ಯಾಮೆರಾ ಬಿಟ್ಟು ಬೇರೆ ಮುಟ್ಟುವವರಲ್ಲ. ಆ ಪ್ರಿಂಟುಗಳನ್ನೇ ಸ್ಕ್ಯಾನ್ ಮಾಡಿದೆ. ಮುಖವೆಲ್ಲ ಮಸುಕು, ಬೂದಿ ಬಳಿದ ಹಾಗೆ. ಸ್ಟುಡಿಯೋದವರನ್ನು ಕೇಳಿದರೆ ನಕ್ಕರು. "ಮೊದಲು ಗಾಜು ಒರೆಸಮ್ಮ. ರೆಸಲ್ಯೂಷನ್ ಆರುನೂರಕ್ಕೆ ಇಡು. ತಾನೇ ತಿದ್ದೋ ಆಯ್ಕೆ ಇರುತ್ತಲ್ಲ, ಅದನ್ನ ಆಫ್ ಮಾಡು. ಆ ಮಷೀನಿಗೆ ಅಧಿಕಪ್ರಸಂಗ ಜಾಸ್ತಿ" ಎಂದರು. ಹಾಗೇ ಮಾಡಿದೆ. ಅಬ್ಬಾ, ಪುಟ್ಟಿಯ ರೆಪ್ಪೆಗೂದಲು ಒಂದೊಂದೂ ಕಾಣುತ್ತಿತ್ತು! ಜೊತೆಗೆ, ಎಡಗಣ್ಣಿನ ಪಾಪೆಯೊಳಗೆ ಒಂದು ಬಿಳಿ ಚುಕ್ಕೆ.

ಧೂಳೆಂದು ಗಾಜನ್ನು ಮತ್ತೆ ಒರೆಸಿದೆ. ಹೋಗಲಿಲ್ಲ. ಫೋಟೊವನ್ನು ತಲೆಕೆಳಗು ಮಾಡಿ ಇಟ್ಟೆ. ಧೂಳು ಗಾಜಿನ ಮೇಲಿದ್ದರೆ ಇದ್ದಲ್ಲೇ ಇರಬೇಕಲ್ಲವಾ? ಚುಕ್ಕೆ ಕಣ್ಣಿನ ಜೊತೆಗೇ ಬಂತು. ಉಳಿದ ಫೋಟೊಗಳನ್ನು ಹಾಕಿ ನೋಡಿದೆ. ಫ್ಲಾಶ್ ಬಿದ್ದ ಕಡೆಯೆಲ್ಲ ಒಂದು ಕಣ್ಣು ಕೆಂಪು, ಇನ್ನೊಂದು ಬೆಳ್ಳಗೆ. ಸಣ್ಣ ಪ್ರಿಂಟಿನಲ್ಲಿ ಅದನ್ನು ಬೆಳಕಿನ ಮಿಂಚು ಅಂದುಕೊಂಡಿದ್ದೆವು. ಸ್ಕ್ಯಾನರ್ ತಾನೇ ತಿದ್ದುವಾಗ ಅದಕ್ಕೂ ಕಪ್ಪು ತುಂಬಿ ಚಂದ ಮಾಡಿ ಕೊಡುತ್ತಿತ್ತು.

ಮರುದಿನವೇ ಕಣ್ಣಿನ ಡಾಕ್ಟರ ಹತ್ತಿರ ಓಡಿದೆವು. ಕಣ್ಣೊಳಗೆ ಗಡ್ಡೆ ಇದೆಯಂತೆ. ಕ್ಯಾನ್ಸರಂತೆ. ಎರಡು ವರ್ಷವೂ ತುಂಬದ ಕೂಸಿಗೆ! ಅತ್ತಿಗೆ ಇನ್ನೊಮ್ಮೆ ನೋಡಿ ಎಂದು ಡಾಕ್ಟರನ್ನು ಅಂಗಲಾಚಿದರು. ನಿನ್ನ ಮಗಳು ಮಾತ್ರ ಡಾಕ್ಟರ ಟಾರ್ಚು ಕಸಿದುಕೊಂಡು ಅವರ ಮೂಗಿಗೇ ಬೆಳಕು ಬಿಡುತ್ತಿದ್ದಳು. ಆ ಕಣ್ಣು ಉಳಿಯುವುದಿಲ್ಲ; ಈಗಲೇ ತೆಗೆಸಿದರೆ ಜೀವ ಉಳಿಯುತ್ತದೆ ಎಂದಿದ್ದಾರೆ. ಬಲಗಣ್ಣು ಸದ್ಯಕ್ಕೆ ಚೆನ್ನಾಗಿದೆ. ಸೋಮವಾರ ಆಪರೇಷನ್.

ಅಪ್ಪ, ಅಮ್ಮನ ಆಶೀರ್ವಾದ. ಕಾಗದದ ಮೂಲೆ ಒದ್ದೆಯಾಗಿರುವುದು ಪುಟ್ಟಿ ಕೊಟ್ಟ ಮುತ್ತಿನಿಂದ, ಬೇರೇನೂ ಅಲ್ಲ.

ನಿನ್ನ ತಂಗಿ

ತಾ.ಕ.: ನಿಮ್ಮ ಕ್ಯಾಂಪಿನ ಜೀಪಿನವರು ಈ ಕಾಗದಕ್ಕಾಗಿ ಬಾಗಿಲಲ್ಲೇ ನಿಂತಿದ್ದಾರೆ. ಈಗ ಅಮ್ಮ ಒಂದು ಮಾತು ಹೇಳಿದಳು. "ಇದು ವಂಶದಲ್ಲಿ ಬರುವುದೂ ಉಂಟು, ತಂದೆಯ ಕಣ್ಣಿಗೆ ಏನಾದರೂ ಇತ್ತಾ?" ಎಂದು ಡಾಕ್ಟರು ಕೇಳಿದಾಗ, ಅಮ್ಮನೇ ಮುಂದೆ ಬಂದು, ನಿನ್ನ ಒಂದು ಕಣ್ಣು ಚಿಕ್ಕಂದಿನಲ್ಲಿ ಕಡ್ಡಿ ಚುಚ್ಚಿ ಹೋಯಿತು ಎಂದಿದ್ದಳು, ನಾವೆಲ್ಲ ಇಷ್ಟು ದಿನ ನಂಬಿದ್ದ ಹಾಗೆಯೇ. ಸುಳ್ಳಂತೆ. "ಅವನಿಗೂ ಇದೇ ಗಡ್ಡೆ ಇತ್ತು ಕಣೇ. ಹೆದರ್ಕೋತಾನೆ ಅಂತ ಯಾರಿಗೂ ಹೇಳ್ಲಿಲ್ಲ" ಅಂದಳು. ಕೋಪ ಆಮೇಲೆ ಮಾಡಿಕೋ. ಇದೇ ಜೀಪು ಹತ್ತಿ ಬಾ. ಅತ್ತಿಗೆ ಅಮ್ಮನನ್ನು ಬೈಯುತ್ತಾರೆ ಅಂದುಕೊಂಡೆ. ಕಣ್ಣೊರೆಸಿಕೊಂಡು ಒಂದೇ ಮಾತು ಕೇಳಿದರು: "ಹಾಗಾದ್ರೆ ಅವರು ಉಳ್ಕೊಂಡ್ರಲ್ವಾ?"