ಮೊದಲು ಹಾಲಿನ ಒಲೆ ಆರಿಸಿದೆ

ಮಾರ್ಚ್ 3, 1936. ಮಂಗಳವಾರ

ಮತ್ತೆ ಕನ್ನಡಿ ಮುಂದೆ. ಇಪ್ಪತ್ತು ಸಲ ಕಣ್ಣುಗುಡ್ಡೆ ಹೊರಳಿಸಿದ್ದಾಯಿತು. ತಲೆ ಸುತ್ತುತ್ತಿದೆ. ಜಿನೀವಾ ಚಿಕ್ಕಮ್ಮ ಹಿಂದೆ ನಿಂತು ತಿದ್ದುತ್ತಾಳೆ. ಹದಿನಾಲ್ಕು ಸಿನಿಮಾಗಳಲ್ಲಿ ಬಿಳಿಯರ ಮನೆಗೆಲಸದವಳಾದವಳು — ತಿದ್ದುವ ಹಕ್ಕಿದೆ.

"ಬಿಳೀ ಭಾಗ ಕಾಣ್ಬೇಕು ಕಣೇ ಆರ್ವೆಲಾ. ಅವರಿಗೆ ನಮ್ಮ ಕರಿಯರಲ್ಲಿ ಬೇಕಿರೋ ಬಿಳುಪು ಅದೊಂದೇ."

"ಹೆದರಿದಾಗ ಯಾರಾದ್ರೂ ಹೀಗೆ ಮಾಡ್ತಾರಾ?"

"ಸಿನಿಮಾದಲ್ಲಿ ನಮ್ಮೋರು ಮಾಡ್ತಾರೆ. ಬಾಯ್ಮುಚ್ಚಿ ಹೊರಳಿಸು."

ನಾಳೆ ನನ್ನ ಮೊದಲ ಶೂಟಿಂಗ್! ದೆವ್ವದ ಚಿತ್ರ. ಕೂತಲ್ಲಿ ಕೂರಲಾಗುತ್ತಿಲ್ಲ…

ಮಾರ್ಚ್ 4. ಸಂಜೆ

ಮುಗಿಯಿತು! ಹೊಟ್ಟೆಗೆ ದಿಂಬು ಕಟ್ಟಿದರು. ಕೆಲಸದವಳು ದಪ್ಪ ಇರಬೇಕಂತೆ. ಶಾಲೆ ಬಿಟ್ಟ ಮೇಲೆ ನಾಲ್ಕು ವರ್ಷ ಪಾಸಡೀನಾದಲ್ಲಿ ಮನೆಗೆಲಸ ಮಾಡಿದ್ದೇನೆ — ದಪ್ಪ ಆಗುವಷ್ಟು ಹೊತ್ತು ಯಾವ ಮನೆಯಲ್ಲೂ ಕೂತು ಉಂಡಿಲ್ಲ. ಹಾಗಂತ ಹೇಳಿಯೂ ಬಿಟ್ಟೆ. ಬಟ್ಟೆ ತೊಡಿಸುವವಳು ನಕ್ಕು ಇನ್ನೊಂದು ದಿಂಬು ತುರುಕಿದಳು.

ಬಿಳಿ ಬಟ್ಟೆ ಹೊದ್ದ ದೆವ್ವ ಬಂತು. ಕಣ್ಣು ಹೊರಳಿಸಿದೆ, ಚೀರಿದೆ, ಓಡಿದೆ. ದೀಪ ಹಿಡಿಯುವವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ನಿರ್ದೇಶಕ ಹಾಲ್ಬ್ರುಕ್ "ಭೇಷ್" ಅಂದ. ಸುಳ್ಳು ಬರೆಯಲಾರೆ — ಆ ನಗು ಇಷ್ಟವಾಯಿತು. ಬಹಳ.

ಜೂನ್ 19

ಹಗಲೆಲ್ಲ ಪಾರ್ಕಿನಲ್ಲಿ ಬಿಡುಗಡೆಯ ಹಬ್ಬ — ನಮ್ಮ ಹಿರಿಯರ ಗುಲಾಮಗಿರಿ ಮುಗಿದ ದಿನ. ಸುಟ್ಟ ಮಾಂಸ, ಕೆಂಪು ಸೋಡಾ. ಅಲ್ಲಿಂದ ಬೀದಿಗೆ ಬೀದಿಯೇ ಸೆಂಟ್ರಲ್ ಅವೆನ್ಯೂ ಟಾಕೀಸಿಗೆ — ನನ್ನ ಸಿನಿಮಾ!

ಪರದೆ ಮೇಲೆ ಬಂದೆ. ಟಾಲಿವರಮ್ಮ — ನಮ್ಮ ಮನೆ ಕೆಳಗೇ ಅವಳ ಕೂದಲು ಸಿಂಗರಿಸುವ ಅಂಗಡಿ — ಎದ್ದು ನಿಂತು "ನಮ್ಮ ಹುಡುಗಿ!" ಅಂತ ಕೂಗಿದಳು. ಚಪ್ಪಾಳೆ. ಕಣ್ಣು ಹೊರಳಿದವು, ನಗು ಎದ್ದಿತು. ಆಮೇಲೆ ತಟ್ಟನೆ ನಿಂತಿತು. ತುತ್ತಿನಲ್ಲಿ ಕಲ್ಲು ಸಿಕ್ಕ ಹಾಗೆ.

ಹೊರಗೆ ಬಂದಾಗ ಟಾಲಿವರಮ್ಮ ಗಲ್ಲ ಹಿಡಿದು ನೋಡಿದಳು. "ಚೆನ್ನಾಗಿತ್ತಮ್ಮ. ಆದ್ರೆ ಆ ಮುಖ ಯಾರದ್ದೇ? ನಿಮ್ಮಮ್ಮನ್ನ ನೋಡಿದೀನಿ. ಅವಳದ್ದಲ್ಲ."

ರಾತ್ರಿ ಚಿಕ್ಕಮ್ಮ ಮಾಡಿಟ್ಟಿದ್ದ ಗೆಣಸಿನ ಸಿಹಿ ಪೈ ತಿನ್ನಲಾಗಲಿಲ್ಲ.

ಜುಲೈ 8

ಕರೆ! ಟಾಲಿವರಮ್ಮನ ಅಂಗಡಿಗೇ ಫೋನ್ ಬರೋದು. ಕಾದ ಬಾಚಣಿಗೆಯಲ್ಲಿ ಅರ್ಧ ಕೂದಲು ನೇರ ಮಾಡಿಸಿಕೊಂಡಿದ್ದವರೂ ಎದ್ದು ಬಂದು ಅಪ್ಪಿಕೊಂಡರು. ಮತ್ತೆ ಹಾಲ್ಬ್ರುಕ್. ಕೊಲೆಯ ಚಿತ್ರ. ಈ ಸಲ ನನ್ನ ಪಾತ್ರಕ್ಕೆ ಹೆಸರಿದೆ, ಮೂರು ದೃಶ್ಯವಿದೆ!

ಸ್ಟುಡಿಯೋದಿಂದ ದೃಶ್ಯದ ಕಾಗದ ತಂದು ಓದಿದೆ. ಕೆಲಸದವಳು ಕಾಫಿ ತರುತ್ತಾಳೆ, ಹಾಸಿಗೆಯಲ್ಲಿ ಯಜಮಾನಿಯ ಹೆಣ. ಟ್ರೇ ಬೀಳುತ್ತೆ. ಕಣ್ಣು ಹೊರಳುತ್ತೆ. ಚೀರಿ ಓಡುತ್ತಾಳೆ.

ಆದರೆ ನಾನು ನಿಜವಾಗಿ ಹೀಗೇ ಹೆಣ ನೋಡಿದ್ದೇನೆ. ಆಗ ನನಗೆ ಹದಿನಾರು ವಯಸ್ಸು. ಕಾಫಿ ತಂದೆ, ಯಜಮಾನಿ ಮಿಸೆಸ್ ವಿಟ್‌ಕಾಂಬ್ ಹಾಸಿಗೆಯಲ್ಲಿ ತಣ್ಣಗಿದ್ದಳು. ಟ್ರೇ ಮೆಲ್ಲಗೆ ಇಟ್ಟೆ. ಮೊದಲು ಕೆಳಗೆ ಹೋಗಿ ಹಾಲಿನ ಒಲೆ ಆರಿಸಿದೆ. ಪಕ್ಕದ ಮನೆಯವರನ್ನು ಕೂಗಿದೆ. ಮತ್ತೆ ಹೋಗಿ ಆ ಕೋಣೆಯ ಬಾಗಿಲಲ್ಲಿ ನಿಂತೆ — ಎರಡೂ ಕೈ ಮುಂದೆ, ಬೆರಳು ಬಿಡಿಸಿಕೊಂಡು. ಬಂದವರಿಗೆ ಮೊದಲು ನನ್ನ ಖಾಲಿ ಕೈ ಕಾಣಲಿ ಅಂತ. ಸಾವನ್ನ ನನ್ನ ಮೇಲೆ ಹಾಕ್ತಾರೆ… ಅದೊಂದೇ ತಲೆಯಲ್ಲಿ. ರೆಪ್ಪೆ ಕೂಡ ಅಲ್ಲಾಡಲಿಲ್ಲ.

ಹೆದರಿಕೆ ಅಂದರೆ ಅದು. ಅದನ್ನೇ ಮಾಡುತ್ತೇನೆ!

ಜುಲೈ 13

ಚಿಕ್ಕಮ್ಮನಿಗೆ ಹೇಳಿದೆ. ಗೆಣಸು ಹೆಚ್ಚುತ್ತಿದ್ದ ಚಾಕು ಕೆಳಗಿಟ್ಟಳು.

"ಶಾಲೆಯಲ್ಲೂ ಹೀಗೇ ವಾದ ಮಾಡಿ ತಾನೇ ಹೊರಗೆ ಬಂದೆ? ಈಗ ಇಲ್ಲೂ ಶುರುವಾ? ನಿನ್ನ ಜೊತೆ ನನಗೂ ಬಾಗಿಲು ಹಾಕ್ತಾರೆ ಕಣೇ."

ಅದು ಸುಳ್ಳಲ್ಲ.

ಜುಲೈ 14. ಸ್ಟುಡಿಯೋ ಬಸ್ಸಿನಲ್ಲಿ, ವಾಪಸ್

ಬಸ್ಸು ಕುಲುಕುತ್ತಿದೆ, ಅಕ್ಷರ ಸೊಟ್ಟ.

ಟ್ರೇ ಬೀಳಿಸಲಿಲ್ಲ. ಇಟ್ಟೆ. ಬಾಗಿಲಿಗೆ ಬಂದು ನಿಂತೆ, ಕೈ ಮುಂದೆ. ಕ್ಯಾಮೆರಾ ಓಡುತ್ತಲೇ ಇತ್ತು. ಯಾರೂ ನಗಲಿಲ್ಲ.

"ಕಟ್. ಇದರಲ್ಲಿ ತಮಾಷೆ ಎಲ್ಲಿದೆ?" ಹಾಲ್ಬ್ರುಕ್.

"ತಮಾಷೆಯಾಗಿರಲಿಲ್ಲ, ಸರ್."

ಹೆಣವಾಗಿದ್ದವಳು ಎದ್ದು ಕೂತಳು! "ಸತ್ತಿದ್ರೂ ನನ್ನ ಮೈ ಜುಮ್ಮಂತು, ಹಾಲ್ಬ್ರುಕ್."

"ನೀನು ಮಲಕ್ಕೋ." ನನ್ನ ಕಡೆ ತಿರುಗಿದ. "ಈಗ ಬರೆದಿದ್ದ ಹಾಗೆ ಮಾಡು. ಆ ಕಣ್ಣು."

"ಅದನ್ನ ಮಾಡಲ್ಲ, ಸರ್."

ಟೋಪಿ ತೆಗೆದು ತಲೆ ಕೆರೆದುಕೊಂಡ. "ಆಫೀಸಿನವರು ನೋಡ್ತಾರೆ. ಸರಿ ಅಂದ್ರೆ ನಾಳೆ ಸಂಜೆಯೊಳಗೆ ಫೋನ್. ಇಲ್ಲಾಂದ್ರೆ ನಿನ್ನ ಜಾಗಕ್ಕೆ ಇನ್ನೊಬ್ಬಳು. ತಿಳೀತಾ?"

ತಿಳಿಯಿತು. ಆದರೂ ಬಸ್ಸಿನಲ್ಲಿ ಒಬ್ಬಳೇ ನಗುತ್ತಿದ್ದೇನೆ. ಎದುರಿನ ಮುದುಕ ಜಾಗ ಬದಲಾಯಿಸಿದ.

ಜುಲೈ 15. ಮಧ್ಯಾಹ್ನ ನಾಲ್ಕು

ಫೋನ್ ಇಲ್ಲ. ಚಿಕ್ಕಮ್ಮ ಬೆಳಗಿನಿಂದ ಒರೆಸಿದ್ದನ್ನೇ ಒರೆಸುತ್ತಿದ್ದಾಳೆ.

ನಾಲ್ಕೂ ಮುಕ್ಕಾಲು

ಇದ್ದಕ್ಕಿದ್ದಂತೆ ಕೇಳಿದಳು. "ಹೇಗೆ ನಿಂತೆ? ತೋರ್ಸು."

ನಿಂತು ತೋರಿಸಿದೆ. ಹತ್ತಿರ ಬಂದು ನನ್ನ ಮೊಣಕೈ ಹಿಡಿದು ಚೂರು ಮೇಲೆತ್ತಿದಳು.

"ಕೈ ಇಲ್ಲಿಗೆ ಬರ್ಬೇಕು. ಇಷ್ಟು ಮೇಲೆ." ಮೊಣಕೈ ಬಿಡಲಿಲ್ಲ. "ಗಾಲ್ವೆಸ್ಟನ್ ಊರಲ್ಲಿ ಮನೆಗೆಲಸಕ್ಕಿದ್ದಾಗ ನಾನೂ ಪೂರಾ ಒಂದು ಗಂಟೆ ಹೀಗೆ ನಿಂತಿದ್ದೆ. ಯಾರಿಗೂ ಹೇಳಿಲ್ಲ ಕಣೇ."

ಇಬ್ಬರೂ ಕನ್ನಡಿ ಮುಂದೆ ನಿಂತೆವು. ನಾಲ್ಕು ಕೈ. ಅವಳ ಹದಿನಾಲ್ಕು ಸಿನಿಮಾಗಳಲ್ಲಿ ಎಲ್ಲೂ ಈ ಮುಖ ನೋಡಿಲ್ಲ ನಾನು.

ಐದೂ ಹತ್ತು

ಕೆಳಗೆ ಫೋನ್. ಟಾಲಿವರಮ್ಮ ಮೆಟ್ಟಿಲ ಬುಡದಿಂದ ಕಿರುಚುತ್ತಿದ್ದಾಳೆ — ಆರ್ವೆಲಾ, ಲೇ ಆರ್ವೆಲಾ, ಸ್ಟುಡಿಯೋದವರು — ಚಿಕ್ಕಮ್ಮ ನನಗಿಂತ ಮೊದಲೇ ಬಾಗಿಲು ತೆರೆದು, ಒದ್ದೆ ಕೈಯಲ್ಲೇ ನನ್ನನ್ನು ಎಳೆಯುತ್ತಿದ್ದಾಳೆ