ಪಾರುಸ್-ಎಂ ಯಾರು?

ಮಾರ್ಚ್ 11, ಸಂಜೆ

ಇವತ್ತು ಎಂಟು ತಲೆ. ಮೂರಕ್ಕೆ ಬಣ್ಣ, ಉಳಿದದ್ದಕ್ಕೆ ಬರೀ ಕತ್ತರಿ. ಅತ್ತೆ ಎಂದಿನಂತೆ ಮೂಲೆಯಲ್ಲಿ ಕೂತು ಟವೆಲ್ ಮಡಿಸಿದರು, ಬಂದವರ ಸೊಸೆಯರ ಸುದ್ದಿಯನ್ನೆಲ್ಲ ಅವರ ಬಾಯಿಂದಲೇ ಹೊರಡಿಸಿದರು.

ಪಾರ್ಲರಿನ ಬಾಡಿಗೆ ಕರಾರು ಮುಂದುವರಿಸಲು ಮಾಲೀಕ ಬ್ಯಾಂಕ್ ಸ್ಟೇಟ್‌ಮೆಂಟ್ ಕೇಳಿದ್ದಾನೆ. ಹೋಗಿ ತೆಗೆದುಕೊಂಡು ಬಂದೆ. ಕೂತು ಓದಿದ್ದು ಇದೇ ಮೊದಲು. ಪ್ರತಿ ತಿಂಗಳ ನಾಲ್ಕಕ್ಕೆ ಖಾತೆಯಿಂದ 690 ಸೋಮ್ ಕಡಿತ — "ಪಾರುಸ್-ಎಂ". ನವೆಂಬರಿನಿಂದ ಐದು ಸಲ! ಯಾವನಿವನು? ಕರಾಕೋಲ್ ಊರಿನಲ್ಲಿ ಆ ಹೆಸರಿನ ಅಂಗಡಿಯೇ ಇಲ್ಲ.

ಮಾರ್ಚ್ 12

ಪಕ್ಕದ ಹೊಲಿಗೆ ಅಂಗಡಿಯ ರಾಕಿಯಾ ಕೇಳಿದಳು, "ಮನೇಲಿ ನಿನ್ ಫೋನ್ ಯಾರ ಕೈಲಿರುತ್ತೆ?"

ಅತ್ತೆಯ ಕೈಯಲ್ಲಿ. ಸಂಜೆಯೆಲ್ಲ ಅದರಲ್ಲೇ ಕುದುರೆ ಪಂದ್ಯ ನೋಡುತ್ತಾರೆ. ಮನೆಗೆ ಬಂದವಳೇ ಕೇಳಿಬಿಟ್ಟೆ. ಅವರನ್ನು ನಾನು ಅಪಾ, ಅಂದರೆ ಅಮ್ಮ, ಎಂದೇ ಕರೆಯುವುದು.

"ಅಪಾ, ಫೋನಲ್ಲಿ ಏನಾದ್ರೂ ಒತ್ತಿದ್ರಾ? ದುಡ್ಡು ಹೋಗ್ತಿದೆ."

"ನಾನ್ಯಾಕೆ ಒತ್ಲಿ? ಕುದುರೆ ನೋಡ್ತೀನಿ, ಅಷ್ಟೇ."

"ನಿಮಗೆ ಗೊತ್ತಾಗಲ್ಲ. ಬೆರಳು ಒಂಚೂರು ತಾಗಿದ್ರೂ ಸಾಕು."

ಅತ್ತೆ ಫೋನನ್ನು ತೋಳಿನಿಂದ ಒರೆಸಿ ಮೇಜಿನ ಮೇಲಿಟ್ಟರು. ಊಟಕ್ಕೆ ಕರೆದರೆ ಹಸಿವಿಲ್ಲ ಎಂದರು.

ಮಾರ್ಚ್ 13

ಬೆಳಿಗ್ಗೆ ಏಳಕ್ಕೇ ಚೀಲ ಕಟ್ಟಿ ನಿಂತಿದ್ದರು. "ಬಾಲಿಕ್‌ಚೀ ಊರಲ್ಲಿರೋ ಮಗಳ ಮನೇಲಿದ್ದು ಬರ್ತೀನಿ." ಎಷ್ಟು ದಿನ ಎಂದು ಹೇಳಲಿಲ್ಲ. ಅವರ ಮಗ, ನನ್ನ ಗಂಡ, ತೀರಿಕೊಂಡು ಒಂಬತ್ತು ವರ್ಷ. ಆಗಲೂ ನನ್ನನ್ನು ಬಿಟ್ಟು ಹೋದವರಲ್ಲ...

ಟವೆಲ್ ನಾನೇ ಮಡಿಸಿದೆ. ಸೊಟ್ಟ.

ಮಾರ್ಚ್ 15

ಬ್ಯಾಂಕು. ಕೌಂಟರಿನಲ್ಲಿ ತಿಲೆಕ್ ಎಂಬ ಹುಡುಗ, ತಾಳ್ಮೆಯವನು.

"ಅಕ್ಕ, ಬೋರ್ಡ್ ಮೇಲಿರೋದು ಅಂಗಡಿ ಹೆಸರು. ಸ್ಟೇಟ್‌ಮೆಂಟಲ್ಲಿ ಬರೋದು ಕಂಪನಿ ಹೆಸರು. ಎರಡೂ ಒಂದೇ ಇರ್ಬೇಕು ಅಂತೇನಿಲ್ಲ. ಇಲ್ನೋಡಿ..."

ಅಕ್ಟೋಬರ್ 28. ಅದೇ ಪಾರುಸ್-ಎಂ. ಒಂದೇ ಒಂದು ಸೋಮ್.

"ಮೊದಲ ವಾರ ಒಂದು ಸೋಮ್, ಆಮೇಲೆ ಪೂರ್ತಿ... ಅಂಥದ್ದು ಏನಾದ್ರೂ ತಗೊಂಡ್ರಾ?"

ತಲೆ ಮೇಲೆ ತಣ್ಣೀರು ಸುರಿದಂತಾಯಿತು. "ಚಿನ್ನದ ಕತ್ತರಿ"! ಫೋನಿನಲ್ಲೇ ಹೇರ್‌ಕಟ್ ಕಲಿಸುವ ಕೋರ್ಸು. ಒತ್ತಿದ ಬೆರಳು ನನ್ನದೇ. ಸರಿಯಿಲ್ಲವೆಂದು ಎರಡೇ ದಿನಕ್ಕೆ ನಿಲ್ಲಿಸಿದ್ದೆ — ನಿಲ್ಲಿಸಿದ್ದೆನಾ?

"ನಿಲ್ಸಿದ್ದಕ್ಕೆ ಪುರಾವೆ ಇದ್ರೆ ತಕರಾರು ಹಾಕ್ಬಹುದು. ಮೊದಲು ಕಂಪನಿಗೇ ಬರೆದು ಕೇಳಿ. ಆಗಲ್ಲ ಅಂದ್ರೆ ನಮ್ಮತ್ರ ಬನ್ನಿ."

ಹಳೆಯ ಕಾರ್ಡು ಬಂದ್ ಮಾಡಿ ಹೊಸದು ಕೊಟ್ಟ. ಹಣದ ಚಿಂತೆ ಅರ್ಧ ಇಳಿಯಿತು. ಅತ್ತೆಯ ಮೇಲೆ ಸುಮ್ಮನೆ ತಪ್ಪು ಹೊರಿಸಿದ ಚಿಂತೆ ಎರಡರಷ್ಟಾಯಿತು.

ಮಾರ್ಚ್ 16

ಪಾರ್ಲರಿಗೆ ಬೀಗ. ಮೊದಲ ವ್ಯಾನಿಗೇ ಬಾಲಿಕ್‌ಚೀ. ಬಾಗಿಲಲ್ಲೇ ಎಲ್ಲ ಹೇಳಿಬಿಟ್ಟೆ, ಒಳಗೆ ಹೋದರೆ ಧೈರ್ಯ ಹೋದೀತೆಂದು. ಅತ್ತೆ ಹಿಟ್ಟು ನಾದುತ್ತಲೇ ಕೇಳಿಸಿಕೊಂಡರು.

"ಬೆರಳು ತೋರ್ಸು."

ತೋರಿಸಿದೆ.

"ಇದೇನಾ ಆ ಬೆರಳು?" ಸೌಟಿನಿಂದ ಮೆಲ್ಲಗೆ ಒಂದು ಏಟು. ಆಮೇಲೆ ನಕ್ಕರು. ನನಗೆ ಅಳು.

"ಅಳ್ಬೇಡ, ಹಿಟ್ಟಿಗೆ ಬೀಳುತ್ತೆ. ನಿಲ್ಸಿದ್ದೆ ಕಣೇ ನೀನು! ಅವತ್ತು ನನ್ ತಲೇಲಿ ಬಣ್ಣ ಇತ್ತು. 'ಬಿಟ್ಬಿಟ್ಟೆ ಅಪಾ, ಪೀಡೆ ತೊಲಗ್ತು' ಅಂತ ಫೋನ್ ತೋರ್ಸಿದ್ದೆ. ಏನೋ ಕಾಗದ ಬಂದಿತ್ತು ಅದ್ರಲ್ಲಿ."

ಮೇಲ್ ಹುಡುಕಿದೆ. ಅಕ್ಟೋಬರ್ 30 — "ನಿಮ್ಮ ಚಂದಾ ರದ್ದಾಗಿದೆ." ಇದೆ!

ಇಬ್ಬರೂ ವಾಪಸು ಬರುತ್ತ ವ್ಯಾನಿನಲ್ಲೇ ಕಂಪನಿಗೆ ಪತ್ರ. ಅತ್ತೆ ಹೇಳಿಕೊಟ್ಟದ್ದು ಬರೀ ಶಾಪ. ನಾನು ಬರೆದದ್ದು ಮರ್ಯಾದೆಯ ಮಾತು.

ಮಾರ್ಚ್ 29

ಕಂಪನಿಯ ಉತ್ತರ: ಹಣ ಹಿಂದಿರುಗಿಸಲು ಅವಕಾಶವಿಲ್ಲ. ಫೋನ್ ಮಾಡಿದೆ. ಅತ್ತೆ ಕಸಿದುಕೊಂಡರು.

"ಮಗಾ, ರದ್ದಾಗಿದೆ ಅಂತ ಬರೆದೋರು ನೀವು. ದುಡ್ಡು ಎಳ್ಕೊಂಡೋರೂ ನೀವು. ನಿಮ್ ಬಲಗೈಗೂ ಎಡಗೈಗೂ ಮಾತಿಲ್ವಾ?"

ಆ ಕಡೆಯವನು ಲೈನ್ ಕಟ್ ಮಾಡಿದ. ಇಬ್ಬರೂ ನೇರ ಬ್ಯಾಂಕಿಗೆ. ರದ್ದತಿಯ ಮೇಲ್, ಕಂಪನಿಯ ಉತ್ತರ, ಐದು ಸಾಲಿಗೆ ಗುರುತು ಹಾಕಿದ ಸ್ಟೇಟ್‌ಮೆಂಟ್. ತಕರಾರು ಅರ್ಜಿಗೆ ಸಹಿ ಹಾಕಿದೆ. ಅತ್ತೆಯೂ ಹಾಕುತ್ತೇನೆಂದು ಹಟ. ತಿಲೆಕ್ ಪಾಪ, ಬೇರೆ ಹಾಳೆ ಕೊಟ್ಟ.

ಏಪ್ರಿಲ್ 19

ಬಂತು!! 3,450. ಪೂರ್ತಿ. ಪೇಟೆಯಲ್ಲಿ ತಣ್ಣನೆ ಹುಳಿ-ಖಾರದ ಅಶ್ಲಾನ್-ಫೂ, ತಲಾ ಎರಡು ಬಟ್ಟಲು. ಅತ್ತೆ ಬಾಯಿ ಒರೆಸಿಕೊಂಡು ಹೇಳಿದರು, "ನಂಗೂ ಒಂದು ಕಾರ್ಡ್ ಬೇಕು."

"ಯಾಕಪಾ? ಪಿಂಚಣಿ ಅಂಚೆಯವನು ಕೈಗೇ ಕೊಡ್ತಾನಲ್ಲ."

"ನನ್ ದುಡ್ಡೂ ಒಂದಿನ ಕಾಣೆಯಾಗ್ಲಿ. ಆಗ ನಾನೂ ನಿನ್ನೇ ಕೇಳ್ಬೇಕು — ಬೆರಳು ತಾಗಿಸಿದ್ಯಾ ಅಂತ!"

ಪಕ್ಕದ ಬೆಂಚಿನವರೆಲ್ಲ ತಿರುಗಿ ನೋಡುವಷ್ಟು ನಕ್ಕೆವು.

ಏಪ್ರಿಲ್ 21, ಮಧ್ಯಾಹ್ನ

ಅತ್ತೆಗೆ ಕಾರ್ಡು ಬಂತು. ಎಪ್ಪತ್ತಾರನೇ ವಯಸ್ಸಿನಲ್ಲಿ ಮೊದಲ ಕಾರ್ಡು. ಹಸಿರು ಬಣ್ಣ. ಬ್ಯಾಂಕಿನಲ್ಲಿ ಗುಟ್ಟಿನ ನಂಬರು ಒತ್ತುವಾಗ ನನಗೆ ಗದರಿದರು, "ಆ ಕಡೆ ತಿರುಗು!" ತಿರುಗಿದೆ. ಗೋಡೆ ನೋಡುತ್ತ ನಿಂತೆ. ಒಳಗೊಳಗೇ ಎಂಥದೋ ಖುಷಿ.

ಈಗ ಬೀದಿಕೊನೆಯ ಎಟಿಎಂ ಮೆಷಿನ್ನಿಗೆ ಒಬ್ಬರೇ ಹೋಗಿದ್ದಾರೆ, ಪರೀಕ್ಷೆ ಮಾಡಲು. ಹತ್ತು ನಿಮಿಷವಾಯಿತು... ಫೋನು. ಅವರೇ. ನಂಬರು ಮರೆತುಹೋಯಿತಂತೆ. ಏನಿತ್ತು ಎಂದು ನನ್ನನ್ನೇ ಕೇಳುತ್ತಿದ್ದಾರೆ! ಗೋಡೆ ನೋಡಿದವಳು ನಾನು ಎಲ್ಲಿಂದ ಹೇಳಲಿ!